ಎತ್ತಿದ ಕಾಲು

ಹಗಲೆಲ್ಲ ನಾನು ಕಟ್ಟುವುದು ಬಾಯೊಳಗಿನ ಬ್ರಿಜ್ಜು,
ಎರಡು ಹಲ್ಲಿನ ನಡುವೆ ಬಿದ್ದ ಬಯಲಿಗೆ.
ಕೌಲ್ ಬಜಾರಿನ ಈ ಎಂಟಡಿ ಲ್ಯಾಬಿನಲ್ಲಿ
ಬಳ್ಳಾರಿಯ ಅರ್ಧ ನಗು
ಪ್ಲಾಸ್ಟರಿನಲ್ಲಿ ಒಣಗುತ್ತಿರುತ್ತದೆ.
ರಾತ್ರಿ ಶಟರ್ ಅರ್ಧ ಇಳಿಸಿ
ಅದೇ ಮೇಣ, ಅದೇ ಚಾಕು, ಅದೇ ಬಿಳಿ ಪುಡಿಯಲ್ಲಿ
ಇನ್ನೊಂದು ಬ್ರಿಜ್ಜು:
ಮರದ್ದು, ಯುದ್ಧದ್ದು.

ಸಿನಿಮಾದ ಹೆಸರು ಗೊತ್ತಿಲ್ಲ.
ಹೆಸರಿಲ್ಲದ್ದನ್ನು ಫೋನೂ ಹುಡುಕಿಕೊಡದು.
ಕೋಟೆ ಕೆಳಗಿನ ಟಾಕೀಸಿನಲ್ಲಿ ಮೂರು ವಾರ ಓಡಿತ್ತು,
ಯಾವ ದೇಶದ ಮಾತೋ.
ಪ್ರೊಜೆಕ್ಟರ್ ರೂಮಿನಲ್ಲಿ ತಿಪ್ಪೇರುದ್ರ ಮಾವ,
ಮಗ್ಗುಲಿಗೆ ರೀಲಿನ ಡಬ್ಬದ ಮೇಲೆ ಹತ್ತು ವರ್ಷದ ನಾನು,
ಗೋಡೆಯ ಕಿಂಡಿಗೆ ಒಂದೇ ಕಣ್ಣು.

ಸೇನೆ ಹಿಂದೆ ಸರಿಯುತ್ತಿದೆ. ಎಲ್ಲರೂ ದಾಟಿದರು.
ಕೊನೆಯವನೊಬ್ಬ, ಹೆಗಲಿಗೆ ಹಗ್ಗದ ಸುರುಳಿ,
ಸೇತುವೆಗೆ ಕಾಲು ಎತ್ತಿದ
ಟಕ್.
ಹೊಳೆಯಲ್ಲಿ ಹಲಗೆ ತೇಲುತ್ತಿವೆ.
ಆಚೆ ದಡದಲ್ಲಿ ಯಾರೋ ಚಹಾ ಕುಡಿಯುತ್ತಿದ್ದಾರೆ.

ನಡುವೆ ಏನಾಯಿತು?
“ರೀಲು ಹರಿದೈತೆ” ಅಂದಿದ್ದ ಮಾವ,
ಹೊತ್ತಿಸದ ಬೀಡಿ ತುಟಿಯಲ್ಲಿ ಹೊರಳಿಸುತ್ತ.
ಕೆಳಗೆ ಶಿಳ್ಳೆ, ಬೈಗುಳ, ಆಮೇಲೆ ಕಡಲೆಕಾಯಿ.
ಎಲ್ಲರೂ ಮರೆತರು.

ಫಿಲ್ಮಿನ ಅಗಲ ಮೂವತ್ತೈದು ಮಿಲಿಮೀಟರು.
ನನ್ನ ಅಳತೆಯೂ ಮೂವತ್ತೈದಕ್ಕೆ ಒಂದು:
ಆರಡಿ ಆಳು ಹೆಬ್ಬೆರಳಿನಷ್ಟು,
ಬಂದೂಕು ಊದುಬತ್ತಿ ಕಡ್ಡಿಯ ತುಂಡು.
ಐಸ್‌ಕ್ರೀಂ ಕಡ್ಡಿ ಸೀಳಿ ಡಿಕಾಕ್ಷನ್ನಿನಲ್ಲಿ ನೆನೆಸಿದರೆ
ನೂರು ಮಳೆ ಕಂಡ ಹಲಗೆ.
ದಡದ ಮಣ್ಣಿಗೆ, ಸಂಡೂರಿನಿಂದ ಬಂದ ಅದಿರು ಲಾರಿಯ
ಮಡ್‌ಗಾರ್ಡ್ ಕೆರೆಯುತ್ತಿದ್ದೆ;
ಡ್ರೈವರ್ ಇಣುಕಿ ಕೇಳಿದ,
“ಇಷ್ಟನ್ನೂ ಬಿಡಂಗಿಲ್ಲೇನ್ರಿ?”
ಹೊಳೆಗೆ ಕಟ್ಟುಹಲ್ಲಿನ ಅಕ್ರಿಲಿಕ್ಕು,
ಜೀನ್ಸ್ ತೊಳೆಯುವ ಶೆಡ್ಡಿನ ಹುಡುಗ ಕೊಟ್ಟ ಚಿಟಿಕೆ ನೀಲಿ.
ಮೊದಲ ಸಲ ಹೊಳೆ ಬಿಸಿಯೇರಿ ಮೈತುಂಬ ಗುಳ್ಳೆ.
ಒಡೆದೆ. ಮತ್ತೆ ಹುಯ್ದೆ.

ದಾಟಿದ ಹನ್ನೊಂದು ಮಂದಿ ಬೇಗ ಮುಗಿದರು:
ಬೆನ್ನಿಗೆ ಮುಖ ಬೇಕಿಲ್ಲ.
ಕೊನೆಯವನಿಗೆ ಮಾತ್ರ ಹುಬ್ಬು, ಮೂಗು, ಗದ್ದ,
ಮುಚ್ಚಿದ ಬಾಯೊಳಗೆ ಹಲ್ಲು ಕೂಡ ಕೊರೆದೆ,
ಚಾಳಿ ಬಿಡದು.
ಕಾಲೇ ತೊಡಕು.
ಮೂರು ಮಾಡಿದೆ: ಊರಿದ್ದು, ಹಿಂದಕ್ಕೆಳೆದದ್ದು, ಎತ್ತಿದ್ದು.
ಮೂರೂ ಬೆಂಕಿಪೊಟ್ಟಣದಲ್ಲಿ ಒಂದರ ಮೇಲೊಂದು ಮಲಗಿವೆ.
ಅವನು ತಿಂಗಳಿಂದ ಒಂಟಿಕಾಲಲ್ಲಿ,
ಗುಂಡುಸೂಜಿಯ ಆಸರೆಯಲ್ಲಿ.

ಶುಕ್ರವಾರ ಮಾವ ಬಂದ, ಕೆಳಗಿನ ಸೆಟ್ಟಿನ ಟ್ರಯಲ್‌ಗೆ,
ಡಾಕ್ಟರಿಗೆ ಹೇಳದೆ, ಬೊಚ್ಚು ಬಾಯಲ್ಲಿ.
ಕನ್ನಡಕ ಹಣೆಗೇರಿಸಿ,
ಕಿಂಡಿಗೆ ಬಗ್ಗುತ್ತಿದ್ದ ಹಾಗೆಯೇ ಹೊಳೆಗೆ ಬಗ್ಗಿದ.
ಬಹಳ ಹೊತ್ತು.

“ಹರಿದಿರಲಿಲ್ಲಲೇ ಅದು” ಅಂದ.
“ಮೊದಲನೇ ದಿನ ಪೂರ್ತಿ ಓಡಿಸಿದ್ದೆ, ನಾಕು ಆಟ.
ಮರುದಿನ ಬೆಳಗ್ಗೆ ಬ್ಲೇಡ್ ತಗಂಡು
ಒಂದು ಮಾರು ಕತ್ತರಿಸಿ ಅಂಟಿಸಿಬಿಟ್ಟೆ.
ದಿನಕ್ಕೆ ನಾಕು ಸಲ ಆ ಹುಡುಗನ್ನ...
ನನ್ ಕೈಲಾಗಲಿಲ್ಲ.”

ಏನಾಗಿತ್ತು ಎಂದು ಕೇಳಲು ನಾನು ಬಾಯಿ ತೆರೆದೆ.
ಅವನೂ ತೆರೆದ, ಹಲ್ಲಿಗೆ.
ಕೂರಿಸಿದೆ. ನೀಲಿ ಕಾಗದ ಕಚ್ಚಿಸಿದೆ.
“ಆ ತುಂಡು ಎಲ್ಲಿ?”
“ನಿನಗೇ ಕೊಟ್ಟಿದ್ನಲ್ಲ ಆಡಾಕೆ,
ಚೂರು ಚೂರು ಮಾಡಿ ಗೋಲಿಗೆ ಮಾರ್ಕಂಡೆ.”

ಇರಬಹುದು. ಗೋಲಿ ನೆನಪಿವೆ, ಒಂದು ಬೆಕ್ಕಿನ ಕಣ್ಣಿನದು.
ಮಾರುದ್ದ ಫಿಲ್ಮು, ತೊಂಬತ್ತಾರು ಚಿತ್ರ;
ಓಣಿಯ ಹುಡುಗರ ಚಡ್ಡಿ ಜೇಬುಗಳಲ್ಲಿ
ಅವನ ಕಾಲು ಒಂದೊಂದು ಎತ್ತರದಲ್ಲಿ
ಒಗೆದು, ಹಿಂಡಿ, ಬಿಸಿಲಿಗೆ ಬಿದ್ದು.

“ಎಡಕ್ಕೆ ಹತ್ತೈತೆ ನೋಡು” ಅಂದ ಮಾವ.
ತೆಗೆದು ಉಜ್ಜಿದೆ.
ಕೂದಲೆಳೆಯಷ್ಟು. ಸಾಲದು ಅಂದ.
ಇನ್ನೂ ಕೂದಲೆಳೆಯಷ್ಟು.