ತೊಟ್ಟು

ಮೆಣಸಿನಕಾಯಿ ಇಲ್ಲ ಕೈಯಲ್ಲಿ. ಆದರೂ
ಅವ್ವನ ಹೆಬ್ಬೆರಳು ತೋರುಬೆರಳಿಗೆ ತಿಕ್ಕಿ ತಿಕ್ಕಿ
ತೊಟ್ಟು ಬಿಡಿಸುತ್ತಲೇ ಇರುತ್ತದೆ.
ಬ್ಯಾಡಗಿ ಪ್ಯಾಟಿಯಲ್ಲಿ ಮೂವತ್ತೆರಡು ವರ್ಷ
ಕೆ.ಜಿ.ಗಿಷ್ಟೆಂದು ಬಿಡಿಸಿದ ಕೈ,
ರೂಢಿ ಬಿದ್ದದ ಬಿಡು, ಅಂದರು ಎಲ್ಲರೂ.
ನಾನೂ ಅಂದೆ. ಎರಡು ವರ್ಷ ಅಂದೆ.

ಹುಬ್ಬಳ್ಳಿ ಡಾಕ್ಟರು ಚೀಟಿಯ ಬೆನ್ನಿಗೆ
ಅವರೆಕಾಳೊಂದನ್ನು ಬರೆದರು, ಒಳಗೆ ಮಡಿಕೆ ಮಡಿಕೆ.
"ಮೈಟೊಕಾಂಡ್ರಿಯ. ಒಂದೊಂದು ಜೀವಕೋಶದಾಗ ನೂರಾರು.
ಒಲಿ ಅನ್ಕೊಳ್ರಿ."
ಅವ್ವ ಕೇಳಿದಳು, "ಒಲಿ ಹೊಗಿ ಹಿಡದೈತೇನ್ರಿ?"
ಅವರು ಪೆನ್ನು ಕೆಳಗಿಟ್ಟರು.
ಅಷ್ಟೇ ಅಂದರು. ಬಹುತೇಕ ಅಷ್ಟೇ.

ಉಳಿದದ್ದು ಬಸ್ಸಿನಲ್ಲಿ ನಾನೇ ಹೊಂದಿಸಿಕೊಂಡೆ:
ಈ ಒಲೆಗಳು ಒಂದು ಕಾಲದ ಪರದೇಶಿ ಜೀವಗಳು,
ವಸ್ತಿಗೆ ಬಂದು, ಅಡುಗೆಗೆ ನಿಂತು,
ಮನೆಯವರೇ ಆಗಿಹೋದವು.
ಒಲೆ ಒಡೆದು ಒಳಗಿನ ಚೂರು ಹೊರಚೆಲ್ಲಿದರೆ
ಮಿದುಳಿನ ಕಾವಲುಗಾರರಿಗೆ ಗುರುತು ಹತ್ತುವುದಿಲ್ಲ.
ಕಳ್ಳ ಬಂದನೆಂದು ಸೀಟಿ ಊದಿ, ಪಂಜು ಹಿಡಿದು
ಓಣಿಗೆ ಓಣಿಯನ್ನೇ ಸುಡುತ್ತಾರೆ.
ಸುಟ್ಟ ಮನೆಯಿಂದ ಮತ್ತಷ್ಟು ಚೂರು. ಮತ್ತೆ ಸೀಟಿ.
ಬೆಂಕಿ ಮೊದಲೋ ಕಾವಲುಗಾರ ಮೊದಲೋ,
ಮೋಟೆಬೆನ್ನೂರು ಬಂದರೂ ಬಗೆಹರಿಯಲಿಲ್ಲ.
ಡಾಕ್ಟರಿಗೂ ಗೊತ್ತಿರಲಿಲ್ಲ, ಅವರು ಮುಚ್ಚಿಡಲಿಲ್ಲ.

ಮಿದುಳ ಬುಡದಲ್ಲಿ ಕಪ್ಪು ಪಟ್ಟಿಯೊಂದಿದೆ,
ಅದು ಬಣ್ಣ ಬಿಡುತ್ತದೆ, ಎಂದಿದ್ದರು.
ಬಣ್ಣದ ಮಾತು ಅವ್ವನಿಗೆ ತಟ್ಟನೆ ತಿಳಿಯಿತು.
ಈ ಊರಲ್ಲಿ ಖಾರಕ್ಕಲ್ಲ, ಬಣ್ಣಕ್ಕೆ ರೇಟು.
"ಬಿಳಿಗಾಯಿ ಆದೆ ಹಂಗಾರ" ಅಂದಳು ಫಕ್ಕೀರವ್ವ,
ಸೆರಗಿಗೆ ಗಂಟು ಹಾಕಲು ನೋಡಿ, ಬಿಟ್ಟು.
"ಕೋಲ್ಡ್ ಸ್ಟೋರೇಜಿನ್ಯಾಗ ಇಡಬೇಕಿತ್ತು ನನ್ನ."

ಒಂದು ಮಾತು ಅವಳಿಗೆ ಹೇಳಿಲ್ಲ.
ಈ ಒಲೆಗಳು ಅಪ್ಪನ ಕಡೆಯಿಂದ ಬರುವುದಿಲ್ಲ.
ಕುಳ್ಳಿನ ಚೂರಿನ ಮೇಲೆ ಕೆಂಡವಿಟ್ಟು
ಮನೆಯಿಂದ ಮನೆಗೆ ಒಯ್ದ ಹಾಗೆ
ಅವಳವ್ವ ಅವಳಿಗೆ, ಅವಳು ನನಗೆ.
ರಾತ್ರಿ ತೂಕದ ಚೀಟಿ ಬರೆದು ಮುಗಿಸಿ
ಬಲಗೈಯನ್ನು ಸುಮ್ಮನೆ ತೊಡೆಯ ಮೇಲಿಡುತ್ತೇನೆ.
ನೋಡುತ್ತೇನೆ.

ಇವತ್ತು ಗುರುವಾರ, ಪ್ಯಾಟಿಯ ಘಾಟು ಮನೆತನಕ.
ಸೀನುತ್ತ ಕೂತವಳ ಮಡಿಲಿಗೆ
ಒಂದು ಹಿಡಿ ಡಬ್ಬಿಗಾಯಿ ಸುರಿದೆ.
ಮುಟ್ಟಿದ್ದೇ ತಡ, ನಡುಕ ನಿಂತಿತು.
ಕೈ ಸುಮ್ಮನಿದ್ದರೆ ಮಾತ್ರ ನಡುಗುವ ರೋಗವಿದು.
ಬೆರಳು ಮೆಲ್ಲಗೆ, ತಪ್ಪದೆ, ಒಂದೊಂದೇ ತೊಟ್ಟು.
ಕಾಯಿ ತೀರುವ ಮೊದಲೇ
ಇನ್ನೊಂದು ಹಿಡಿ ತರಲು ಎದ್ದೆ.