ದೆಲಾಂಗು ದಾರಿ

ಸರಕಾರದ ಗಿರವಿ ಅಂಗಡಿಯಲ್ಲಿ ಬೆಲೆ ಕಟ್ಟುವವನು ನಾನು.
ಕ್ಲಾತೆನ್ ಪೇಟೆ, ಕಂಬಿ ಕಿಟಕಿಯ ಈಚೆ ಬದಿ,
ಒರೆಗಲ್ಲು, ತಕ್ಕಡಿ, ಬುರುಡೆಯಲ್ಲಿ ಒಂದಿಷ್ಟು ಆಮ್ಲ.
ಹದಿನಾಲ್ಕು ವರ್ಷ ಕೂತಲ್ಲೇ ಕೂತು
ಜಾವಾದ ಹೊಟ್ಟೆಯ ಗುಟ್ಟು ತಿಳಿದವನು:

ನಾಟಿಗೆ ಮುಂಚೆ ಓಲೆ ಒಳಗೆ,
ಕೊಯ್ಲು ಮುಗಿದರೆ ಓಲೆ ಹೊರಗೆ.
ಉಸಿರಾಡಿದ ಹಾಗೆ. ಸಾಲವೆಂದು ಯಾರೂ ಅನ್ನುತ್ತಿರಲಿಲ್ಲ.
ಸಾದಿನೆಮ್ ಮುದುಕಿಯ ತಾಮ್ರದ ಹಂಡೆ
ನಮ್ಮ ಕಪಾಟಿನಲ್ಲೇ ಬಾಳುತ್ತಿತ್ತು,
ಅವಳ ಮನೆಗೆ ನೆಂಟನಂತೆ ಹೋಗಿ ಬರುತ್ತಿತ್ತು.

ಆಮೇಲೆ ಸಕ್ಕರೆ ಬಿತ್ತು.
ಬೀಳಿಸಿದವರು ಯಾರು? ಯಜಮಾನರು
ಗೋಡೆಯ ನಕಾಶೆಗೆ ಕೋಲು ತಾಗಿಸಿ
ನ್ಯೂಯಾರ್ಕು ಎಂದರು, ಲಂಡನ್ನು ಎಂದರು,
ಇಂಡಿಯಾ ತನ್ನ ಸಕ್ಕರೆ ತಾನೇ ಮಾಡಿಕೊಳ್ಳುತ್ತಿದೆ ಎಂದರು.
ನಮ್ಮ ಗುಲ್ಡನ್ ಮಾತ್ರ ಚಿನ್ನದಷ್ಟು ಗಟ್ಟಿ ಎಂದರು.
ಗಟ್ಟಿ, ಹೌದು.
ಹಲ್ಲಿಗೆ ಸಿಗಲಿಲ್ಲ, ಅಷ್ಟೆ.

ಗಿರಣಿಯ ಸಿಳ್ಳು ನಿಂತಿತು.
ಸಿಳ್ಳಿಗೆ ಎದ್ದು, ಸಿಳ್ಳಿಗೆ ಉಂಡು, ಮಗುವಿಗೆ ಸಿಳ್ಳಿಗೇ ಹಾಲೂಡಿಸಿದ ಊರು
ಹಗಲೆಲ್ಲ ಕಿವಿ ನಿಮಿರಿಸಿ ಕೂತಿತು.
ಕಬ್ಬಿನ ಗಾಡಿಯ ಹಳಿ ಕಿತ್ತು ಹಡಗಿಗೆ ತುಂಬಿದರು;
ಜಪಾನಿಗೆ ಹೋಯಿತಂತೆ ಆ ಕಬ್ಬಿಣ,
ಸೈಕಲ್ಲಾಗಿ, ಬೀಗವಾಗಿ, ಸೂಜಿಯಾಗಿ
ಅಗ್ಗಕ್ಕೆ ಮರಳಿತಂತೆ. ಆ ಅಗ್ಗಕ್ಕೂ ನಮ್ಮಲ್ಲಿ ಕಾಸಿರಲಿಲ್ಲ.

ಗದ್ದೆ ರೈತರ ಕೈಗೆ ಬಂತು, ಭತ್ತ ಎದ್ದಿತು.
ಹತ್ತು ಕೈಯ ಕೊಯ್ಲಿಗೆ ಅರವತ್ತು ಕೈ,
ಗಿರಣಿಯ ಕೂಲಿ, ಅವನ ನಾದಿನಿ, ನಾದಿನಿಯ ಅತ್ತೆ.
ಬೇಡವೆಂದು ಯಾರೂ ಅನ್ನಲಿಲ್ಲ.
ಸಾಲು ಉದ್ದವಾಯಿತು, ಪಾಲಿನ ಕಟ್ಟು
ಮುಷ್ಟಿಯಷ್ಟಾಯಿತು.

ಕಿಟಕಿಗೆ ಮೊದಲು ಬಂದದ್ದು ಚಿನ್ನ. ಆಮೇಲೆ ಬಾತಿಕ್,
ಮದುವೆಯದು, ಬಾಣಂತನದ್ದು, ಹೆಣಕ್ಕೆಂದು ಎತ್ತಿಟ್ಟದ್ದು.
ಎಲೆಯಡಿಕೆ ತಟ್ಟೆ. ದೀಪ, ದೀಪದ ಬುಡ್ಡಿ ಬೇರೆಯಾಗಿ.
ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ಹರಾಜು ಕೂಗಿದೆವು,
ಕೂಗಿದವನ ದನಿಯೇ ತಿರುಗಿ ಬಂತು.

ಒಂದು ಮುಸ್ಸಂಜೆ ಹಿತ್ತಿಲ ಬಾಗಿಲಿಗೆ
ಗಿರಣಿಯ ಯಂತ್ರದ ದೊರೆ, ಹೋಖೆಂದೋರ್ನ್.
ಬಟ್ಟೆಯಲ್ಲಿ ಸುತ್ತಿದ ಜೋಡು, ಅಡಿಗೆ ಉಕ್ಕಿನ ಅಲಗು.
ಅವನ ಊರಲ್ಲಿ ಕಾಲುವೆ ಕಲ್ಲಾಗುತ್ತದಂತೆ,
ಅದರ ಮೇಲೆ ಜಾರುತ್ತಾರಂತೆ, ಮಕ್ಕಳು ಮುದುಕರೆನ್ನದೆ.
ನಾನು ಅಲಗಿಗೆ ಚಾಕುವಿನ ಬೆಲೆ ಕಟ್ಟಿದೆ.
ನಮ್ಮ ಪಟ್ಟಿಯಲ್ಲಿ ಚಳಿಗೆ ಬೆಲೆಯಿಲ್ಲ.

ಮರುತಿಂಗಳು ಸರಕಾರ ನನ್ನ ಸಂಬಳಕ್ಕೂ ಕತ್ತರಿ ಹಾಕಿತು.

ನಿಯಮವೊಂದಿದೆ: ನೌಕರ
ತನ್ನ ಅಂಗಡಿಯಲ್ಲಿ ತನ್ನದನ್ನು ಅಡವಿಡಕೂಡದು.
ಹಾಗಾಗಿ ಹೆಂಡತಿಯ ಓಲೆ ಗಂಟುಕಟ್ಟಿ
ಬೆಳಗಿನ ಜಾವ ದೆಲಾಂಗು ದಾರಿ ಹಿಡಿದೆ.
ಅರ್ಧ ದಾರಿಯ ಹುಣಸೆಮರದಡಿ
ಎದುರು ಬರುತ್ತಿದ್ದವ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.
ಎರಡು ಹೆಜ್ಜೆ ದಾಟಿ ಇಬ್ಬರೂ ತಿರುಗಿದೆವು.
ದೆಲಾಂಗು ಅಂಗಡಿಯ ಪ್ರಾವಿರೊ! ಬೆಲೆ ಕಟ್ಟುವವನೇ.
ಕಂಕುಳಲ್ಲಿ ಉದ್ದನೆಯದೇನೋ.

ಕೂತೆವು. ಒಂದು ಬೆಂಗೊಲ್ ಬಿಲ್ಲೆಗೆ
ಬೇಯಿಸಿದ ಮರಗೆಣಸು ತಂದು ಮುರಿದುಕೊಂಡೆವು.
ಅವನು ಓಲೆಯನ್ನು ಬಿಸಿಲಿಗೆ ಹಿಡಿದು
'ಹನ್ನೆರಡು' ಅಂದ. 'ಹದಿನೈದು' ಅಂದೆ.
ಅವನ ಅಜ್ಜನ ಕಿರೀಸು ಕತ್ತಿ ಒರೆಯಿಂದೆಳೆದು
'ಹಿಡಿ ಸವೆದಿದೆ' ಅಂದೆ, ರೂಢಿಯಲ್ಲಿ.
ಅವನು ನಕ್ಕ. ಗೆಣಸು ನೆತ್ತಿಗೇರುವಷ್ಟು ನಕ್ಕೆವು.
ಇಡೀ ದ್ವೀಪದಲ್ಲಿ ಅಂದು ಸರಿಯಾದ ಬೆಲೆ
ಗೊತ್ತಿದ್ದದ್ದು ನಮ್ಮಿಬ್ಬರಿಗೇ, ಕೊಡಲು ಇಬ್ಬರಲ್ಲೂ ಇರಲಿಲ್ಲ.

ಏಳುವಾಗ ಅವನೊಂದು ಮಾತು, ಅಳುಕುತ್ತ:
'ಗುರುವಾರ ರಾತ್ರಿ ಅದಕ್ಕೆ ಹೂವಿಡುತ್ತೇವೆ. ನೆನಪಿರಲಿ.'
ಅವನು ನನ್ನ ಕಿಟಕಿಗೆ ಹೋದ. ನಾನು ಅವನದಕ್ಕೆ.

ಹೂವಿಗೆ ನಮ್ಮ ದಫ್ತರದಲ್ಲಿ ಅಂಕಣವಿಲ್ಲ.
ಗುರುವಾರ ಉಗ್ರಾಣಕ್ಕೆ ಬೀಗ ಹಾಕುವ ಮುಂಚೆ
ಕಿರೀಸಿನ ಮುಂದೆ ಮೂರೆಸಳು ಮಲ್ಲಿಗೆ ಇಡುತ್ತೇನೆ.
ಪಕ್ಕದ ಗೂಡಲ್ಲಿ ಆ ಉಕ್ಕಿನ ಜೋಡು.
ಅದು ಏನು ಬೇಡುತ್ತದೋ ತಿಳಿಯದು.
ಅದಕ್ಕೂ ಒಂದೆಸಳು.