ಹೊಳೆಯ ಕಡೆಗೆ

ನನ್ನ ಉದ್ರಿ ಪುಸ್ತಕಕ್ಕೆ ಎರಡು ಬಾಗಿಲು.
ಮುಂದಿನಿಂದ ತೆರೆದರೆ ಚಹಾ, ಪಾವ್, ಬೀಡಿ;
ಬೋರಲು ಹಾಕಿ ಹಿಂದಿನಿಂದ ತೆರೆದರೆ ಬಾಜಿ.
ವರ್ಷಕ್ಕೆ ನಾಲ್ಕೇ ದಿನ ಆ ಪುಟಕ್ಕೆ ಕೆಲಸ,
ರೊಕ್ಕಕ್ಕೆ ಆಡುವ ದೊಡ್ಡವರು ಪುಣೆಗೆ ಬಂದಾಗ.

ಯೆರವಡೆ, ಕ್ಯಾಡಿಗಳ ಶೆಡ್ಡಿನ ಹಿಂದೆ, ತಗಡಿನ ನೆರಳು.
ದತ್ತಾ ಘುಲೆ ಐನೂರು ಕಟ್ಟಿದ ಥಾಯ್ಲೆಂಡಿನವನ ಮೇಲೆ,
ಇಲಾಹಿ ಮುನ್ನೂರು, ಆ ಎಡಗೈಯವನ ಮೇಲೆ.
ಹುಲ್ಲು ಕತ್ತರಿಸುವ ಸಂಪತ್ ತನ್ನ ಮೊಬೈಲನ್ನೇ ಇಟ್ಟ,
ಗಾಜು ಒಡೆದದ್ದು. ನಾನು ಬರೆದುಕೊಳ್ಳಲಿಲ್ಲ.

ಭೀಮಶಾ ಎಲ್ಲರಾದ ಮೇಲೆ ಬಂದ.
ಬಸಿಗೆ ಚಹಾ ಸುರಿದು, ಊದಿ, ಅಂದ:
"ನಂದು ಎರಡು ಸಾವಿರ ಬರಿ, ಅಕ್ಕಾ. ಮೈದಾನದ ಮ್ಯಾಲ."
ಮೈದಾನ ಆಡುತ್ತದೇನೋ ಎಂದು ದತ್ತಾ ನಕ್ಕ.
"ಆಡ್ತದ. ಮೂವತ್ತೊಂದು ವರ್ಷ ನೋಡೀನಿ.
ನಾಕು ದಿನ ಮುಗಿದ ಮ್ಯಾಲ
ಒಬ್ಬನೇ ಒಬ್ಬ ಪಾರ್‌ಕಿಂತ ಕೆಳಗ ಬಂದ್ರ
ನನ್ನ ರೊಕ್ಕ ನಿಮ್ಮದು."

ಸುಳ್ಳಲ್ಲ ಅದು. ಏಳನೆಯದರಲ್ಲಿ
ಬಾವುಟ ಒಂದು ಕಡೆ ಬಡಿದರೆ ಗಾಳಿ ಇನ್ನೊಂದು ಕಡೆ.
ಹನ್ನೆರಡರ ಜಾಲಿಮರ ನುಂಗಿದ ಚೆಂಡನ್ನು
ಉಗುಳುವುದು ಮೇ ತಿಂಗಳ ಮೊದಲ ಬಿರುಗಾಳಿಗೆ.
ಹದಿನಾರರ ಕೆರೆಗೆ ಸೋಮವಾರ ಮಾರುತಿ ಇಳಿಯುತ್ತಾನೆ,
ಗೋಣಿಚೀಲ ತುಂಬ ಬೆಳ್ಳಗಿನ ತತ್ತಿ ಹೊತ್ತು ಬರುತ್ತಾನೆ,
ಕಳಕೊಂಡವರಿಗೇ ಡಜನ್ ಲೆಕ್ಕದಲ್ಲಿ ಮಾರುತ್ತಾನೆ.

ಗುರುವಾರ ಥಾಯ್ಲೆಂಡಿನವನು ಅದೇ ಕೆರೆಗೆ ಮೂರು ಕೊಟ್ಟ.
ಶುಕ್ರವಾರ ಸಂಜೆ ಎಡಗೈಯವನು ಪೆಟ್ಟಿಗೆ ಕಟ್ಟಿ ವಿಮಾನ ಹತ್ತಿದ.
ಇಲಾಹಿ ಆಮೇಲೆ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಸಿಕೊಂಡ.

ಚೀಲ ಹೊರಲು ಚೀಟಿ ಎತ್ತಿದಾಗ
ಭೀಮಶಾನ ಪಾಲಿಗೆ ಬಂದವನು ಚಂಡೀಗಢದ ಹುಡುಗ,
ಇಪ್ಪತ್ತೆರಡರವ, ಮಾತು ಕಮ್ಮಿ, ಉಗುರು ಕಚ್ಚುವವ.
ಭಾನುವಾರ ಮೂರೂವರೆಗೆ ಅವನೇ
ಎಲ್ಲರಿಗಿಂತ ಮೂರು ಹೊಡೆತ ಮುಂದೆ, ಪಾರ್‌ಗೆ ಸರಿಸಮ,
ಕೊನೆಯ ಹಸಿರಿನ ಮೇಲೆ ನಿಂತಿದ್ದ.
ಹನ್ನೆರಡು ಅಡಿ. ಹೋದರೆ ಬರ್ಡಿ.
ಹೋಗದಿದ್ದರೂ ಟ್ರೋಫಿ ಅವನದೇ, ಚೆಕ್ಕು ಅವನದೇ.
ಆ ಹನ್ನೆರಡು ಅಡಿಯಲ್ಲಿ ತೂಗುತ್ತಿದ್ದದ್ದು
ನನ್ನ ಹಿಂದಿನ ಪುಟ ಮಾತ್ರ.

ಬೇಲಿಯಾಚೆಯಿಂದ ಕಂಡದ್ದು ಇಷ್ಟು:
ಹುಡುಗ ಏನೋ ಕೇಳಿದ.
ಭೀಮಶಾ ಕುಕ್ಕರಗಾಲಲ್ಲಿ ಕೂತು, ಎದ್ದು, ಬೆರಳು ತೋರಿಸಿದ.
ಹುಡುಗ ತಲೆಯಾಡಿಸಿದ, ಹೌದೆಂದೋ ಅಲ್ಲವೆಂದೋ,
ಅಷ್ಟು ದೂರಕ್ಕೆ ಹೇಗೆ ತಿಳಿಯಬೇಕು.
ಚೆಂಡು ತುಟಿಯ ತನಕ ಬಂತು,
ಒಳಗೆ ಇಣುಕಿತು,
ಎಡಕ್ಕೆ ಸರಿದು ಕೂತಿತು.

ಜನ ಎದ್ದು ಚಪ್ಪಾಳೆ ತಟ್ಟಿದರು. ನಾನು ಬಿಸ್ಕೀಟು ಡಬ್ಬಿ ಬಿಚ್ಚಿದೆ.
"ಹುಡುಗನಿಗೆ ಸುಳ್ಳು ತೋರಿಸಿದೆ, ಮುದುಕಾ" ಎಂದ ದತ್ತಾ.
"ಚಿನ್ನದ ಬೆರಳಪ್ಪಾ" ಎಂದ ಇಲಾಹಿ.
ಭೀಮಶಾ ಬಾಯಿ ತೆರೆದ, ಮುಚ್ಚಿದ.
ರೊಕ್ಕ ಎಣಿಸದೆ ಅಂಗಿಗೆ ಸೇರಿಸಿದ.

ಸೋಮವಾರ, ಇಬ್ಬನಿ ಆರುವ ಮೊದಲು,
ಒಲೆ ಹಚ್ಚಲೂ ಬಿಡದೆ ಕರೆದೊಯ್ದ.
ನಮ್ಮಂಥವರು ಚಪ್ಪಲಿ ಬಿಟ್ಟರೂ ತುಳಿಯಬಾರದ ಹುಲ್ಲು.
ನನ್ನ ಬುಟ್ಟಿಯಿಂದ ಒಂದು ಲಿಂಬೆಹಣ್ಣು ತಂದಿದ್ದ,
ದುಂಡಗಿನದನ್ನು ಹುಡುಕಿ.

"ಕಣ್ಣಿಗೆ ಬಲಕ್ಕ ಇಳಿಜಾರು ಕಾಣ್ತದ.
ಖರೇ ಅಂದ್ರ ಇಲ್ಲಿ ಹುಲ್ಲಿಗೂ ಗೊತ್ತದ ಹೊಳಿ ಎಲ್ಲದಂತ.
ಬಲಕ್ಕ ಎರಡು ಗೇಣು ಬಿಟ್ಟು ಹೊಡಿ, ಎಡಕ್ಕ ಹೊಳ್ಳತದ, ಅಂದಿದ್ದೆ.
ಅಂವ ಹುಲ್ಲು ನೋಡಲಿಲ್ಲ, ನನ್ನ ಮಾರಿ ನೋಡಿದ.
ಬಾಜಿ ಸುದ್ದಿ ಅವನ ಕಿವಿಗೂ ಮುಟ್ಟಿತ್ತು, ಅಕ್ಕಾ."

ಉರುಳಿಸಿದ.
ಇಬ್ಬನಿಯ ಮೇಲೆ ಕಪ್ಪು ಗೆರೆ ಎಳೆಯುತ್ತ
ಲಿಂಬೆ ಬಲಕ್ಕೆ ಹೊರಟು, ತಡೆದು,
ಏನೋ ಮರೆತು ಬಂದವರಂತೆ
ಎಡಕ್ಕೆ, ಮುಳಾ-ಮುಠೆಯ ಕಡೆಗೆ, ಹೊರಳಿ
ನಿಂತಿತು.

ಕುಳಿ ಇರಲಿಲ್ಲ ಅಲ್ಲಿ.
ಸಂಪತ್ ನಸುಕಿಗೇ ಬಂದು ಅದನ್ನು ಮುಚ್ಚಿ
ಇಪ್ಪತ್ತು ಹೆಜ್ಜೆ ಆಚೆ ಹೊಸದು ತೋಡಿದ್ದ.
ಲಿಂಬೆ ಕೂತದ್ದು ಬೇರೆ ಬಣ್ಣದ ಹುಲ್ಲಿನ ಬಿಲ್ಲೆಯ ಮೇಲೆ,
ನನ್ನ ಸ್ಟೀಲ್ ಲೋಟದ ಬಾಯಿಯಷ್ಟಗಲ,
ಸರಿ ನಡುವಿಗೆ.

ದತ್ತಾನಿಗೆ ಹೇಳಿದೆ.
ಲಿಂಬೆಹಣ್ಣು ಸಾಕ್ಷಿ ಹೇಳುತ್ತದೇನಕ್ಕಾ ಎಂದ,
ಒಂದು ಚಹಾ ಉದ್ರಿ ಬರೆಸಿದ.